ರೈಲಿಲ್ಲ, ಜಿಲ್ಲಾ ಕೇಂದ್ರವೂ ಅಲ್ಲ: ಶಿರಸಿ ಇಷ್ಟು ದೊಡ್ಡ ಪೇಟೆಯಾದದ್ದು ಹೇಗೆ?

ಪ್ರಶ್ನೆ: ವರದಾ ತೀರದವ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಬಯಲುಸೀಮೆಯಲ್ಲಿ ಬೆಳೆದವನು. ಉದ್ಯೋಗದ ನಿಮಿತ್ತ ಈಗ ಶಿರಸಿಯಲ್ಲಿದ್ದೇನೆ. ಸಣ್ಣ ಊರುಗಳ ಸ್ಥಳೀಯ ಸಂಸ್ಥೆಗಳ ಬಗ್ಗೆ ಒಂದು ಲೇಖನ ಬರೆಯುವ ಯತ್ನದಲ್ಲಿದ್ದು, ಎರಡು ವಿಷಯಗಳು ನನಗೆ ಬಗೆಹರಿದಿಲ್ಲ. ಊರನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಒಂದು ಪೇಟೆ ಬೆಳೆಯಲು ನಾವು ಸಾಮಾನ್ಯವಾಗಿ ಹೇಳುವ ಕಾರಣಗಳೆಂದರೆ ದೊಡ್ಡ ನದಿ, ಬಂದರು, ರೈಲು ನಿಲ್ದಾಣ, ಕಾರ್ಖಾನೆ ಅಥವಾ ಜಿಲ್ಲಾಧಿಕಾರಿಯ ಕಚೇರಿ. ಇವುಗಳಲ್ಲಿ ಒಂದೂ ಶಿರಸಿಗಿಲ್ಲ. ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಘಟ್ಟದ ಕೆಳಗಿನ ಕಾರವಾರ. ಕಾಗದದ ಕಾರ್ಖಾನೆ ಇರುವುದು ದಾಂಡೇಲಿಯಲ್ಲಿ. ರೈಲು ಹಿಡಿಯಬೇಕಾದರೆ ಕುಮಟೆಗೋ ತಾಳಗುಪ್ಪಕ್ಕೋ ಹಾವೇರಿಗೋ ಹೋಗಬೇಕು. ಆದರೂ ಇಲ್ಲಿ 1866ರಷ್ಟು ಹಿಂದೆಯೇ ಪುರಸಭೆ ಸ್ಥಾಪನೆಯಾಗಿದೆ. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 60 ಸಾವಿರವನ್ನು ದಾಟಿತ್ತು. ಕೆಡಿಸಿಸಿ ಬ್ಯಾಂಕಿನ (ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು) ಪ್ರಧಾನ ಕಚೇರಿ, ಕೆನರಾ ಅರಣ್ಯ ವೃತ್ತದ ಮುಖ್ಯಸ್ಥರ ಕಚೇರಿ, ವಾಯವ್ಯ ಸಾರಿಗೆಯ ವಿಭಾಗೀಯ ಕಚೇರಿ, ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ ಇವೆಲ್ಲ ಇಲ್ಲಿಯೇ ಇವೆ. ವಾಹನಗಳಿಗೂ ಕಾರವಾರದ ಕೆಎ 30 ಅಲ್ಲದೆ ಕೆಎ 31 ಎಂಬ ಬೇರೆಯದೇ ಸಂಖ್ಯೆ. ಇವೆಲ್ಲ ಇಲ್ಲಿ ಹೇಗೆ ಬಂದು ಸೇರಿದವು?

ಎರಡನೆಯದು ನೀರಿನ ವಿಷಯ. ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಏಪ್ರಿಲ್ ಬಂದೊಡನೆ ನಲ್ಲಿ ನೀರಿನ ಚಿಂತೆ ಏಕೆ ಶುರುವಾಗುತ್ತದೆ? ಇದರ ಮೂರನೆಯ ಒಂದು ಪಾಲು ಮಳೆಯನ್ನೂ ಕಾಣದ ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಉತ್ತರ 1: ಕೋಟೆಕೆರೆ ಏರಿ

ನಿಮ್ಮ ಮೊದಲ ಪ್ರಶ್ನೆಗೆ ಇತಿಹಾಸದ ಕಡೆಯಿಂದ ಉತ್ತರಿಸುತ್ತೇನೆ.

ಈ ಸೀಮೆಯ ಹಳೆಯ ರಾಜಧಾನಿ ಶಿರಸಿಯಲ್ಲ. ಉತ್ತರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಸೋಂದಾ, ಅಂದರೆ ಸೋದೆ. ಇನ್ನೂ ಹಿಂದಕ್ಕೆ ಹೋದರೆ ಕದಂಬರ ಬನವಾಸಿ, ಅದೂ ಇದೇ ತಾಲ್ಲೂಕಿನಲ್ಲಿದೆ. ವಿಜಯನಗರದ ಸಾಮಂತರಾಗಿದ್ದ ಸೋದೆಯ ಅರಸರಲ್ಲಿ ರಾಮಚಂದ್ರ ನಾಯಕನು ಹದಿನೇಳನೆಯ ಶತಮಾನದ ಆರಂಭದ ಹೊತ್ತಿಗೆ ಶಿರಸಿಯಲ್ಲಿ ಕೋಟೆ ಕಟ್ಟಿಸಿ ಅದಕ್ಕೆ ಚನ್ನಪಟ್ಟಣವೆಂದು ಹೆಸರಿಟ್ಟನೆನ್ನುತ್ತಾರೆ. ಕೋಟೆ ಉಳಿದಿಲ್ಲ. ಕೋಟೆಕೆರೆ ಉಳಿದಿದೆ, ಮತ್ತು ನಾವೆಲ್ಲ ಸಿ.ಪಿ. ಬಜಾರ ಎಂದು ಕರೆಯುವ ಬೀದಿ ಆ ಚನ್ನಪಟ್ಟಣದ ಬಜಾರವೇ. 1763ರ ಸುಮಾರಿಗೆ ಹೈದರ್ ಅಲಿಯ ಸೈನ್ಯ ಬಂದಾಗ ಸೋದೆಯ ಅರಸು ಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆಯಿತು, ಅವರ ವಂಶ ಅಲ್ಲಿಯ ಬಾಂದೋಡೆಯಲ್ಲೇ ನೆಲೆಸಿತು. ರಾಜಧಾನಿ ಬರಿದಾದ ಮೇಲೆ ಸೋಂದಾ ಮಠಗಳ ಊರಾಗಿ ಉಳಿಯಿತು. ವಾದಿರಾಜರ ಬೃಂದಾವನ, ಸ್ವರ್ಣವಲ್ಲೀ ಮಠ, ಜೈನರ ಸ್ವಾದಿ ಮಠ ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ವ್ಯಾಪಾರ ಮಾತ್ರ ಶಿರಸಿಗೆ ಸರಿಯಿತು.

ಏಕೆ ಸರಿಯಿತು ಎಂಬುದಕ್ಕೆ ನಕ್ಷೆಯೇ ಉತ್ತರ ಕೊಡುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ, ಘಟ್ಟದ ನೆತ್ತಿಯಿಂದ ಸ್ವಲ್ಪ ಒಳಗೆ ಇದೆ. ಹುಬ್ಬಳ್ಳಿ, ಹಾವೇರಿ, ಬನವಾಸಿ, ಸಿದ್ದಾಪುರ, ಯಲ್ಲಾಪುರಗಳ ದಾರಿಗಳು ಇಲ್ಲಿ ಕೂಡಿ, ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟೆ ಇಂದಿನಂತೆ ಸಣ್ಣ ಪಟ್ಟಣವಲ್ಲ, ಧಾರವಾಡ ಸೀಮೆಯ ಹತ್ತಿಯೆಲ್ಲ ಹಡಗು ಹತ್ತುತ್ತಿದ್ದ ಬಂದರು. ಆ ಹತ್ತಿಗೆ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಬಯಲುಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಎತ್ತಿನಗಾಡಿಗಳ ಸಾಲು ಘಟ್ಟ ಇಳಿಯುವ ಮುನ್ನ ತಂಗುವ, ಎತ್ತು ಬದಲಾಯಿಸುವ, ಮೇವು ಮತ್ತು ಅಕ್ಕಿ ಕೊಳ್ಳುವ ಠಾಣೆ ಶಿರಸಿಯಾಯಿತು. ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು ಕೂಡ ಇದೇ ಕಾಲದಲ್ಲಿ, 1862ರಲ್ಲಿ. ನಾಲ್ಕೇ ವರ್ಷಗಳಲ್ಲಿ ಇಲ್ಲಿ ಪುರಸಭೆ ಬಂತೆಂದರೆ ಅದನ್ನು ಕಾಕತಾಳೀಯವೆಂದು ನಾನಂತೂ ಒಪ್ಪುವುದಿಲ್ಲ. ಮುಂಬಯಿಯ ಆಡಳಿತಕ್ಕೆ ಆಗ ಬೇಕಾಗಿದ್ದುದು ರಸ್ತೆ, ಮತ್ತು ರಸ್ತೆಯ ಮೇಲಿನ ಊರುಗಳಲ್ಲಿ ದೀಪ, ಚರಂಡಿ, ಸುಂಕ.

1880ರ ದಶಕದಲ್ಲಿ ರೈಲು ಹುಬ್ಬಳ್ಳಿಯಿಂದ ನೇರವಾಗಿ ಮರ್ಮಗೋವಾ ಬಂದರಿಗೆ ಹೋದ ಮೇಲೆ ಹತ್ತಿ ಆ ದಾರಿ ಹಿಡಿಯಿತು. ಕುಮಟೆಯ ಬಂದರು ಸೊರಗಿತು. ಅದರೊಂದಿಗೆ ಶಿರಸಿಯೂ ಸೊರಗಬೇಕಾಗಿತ್ತು, ಸೊರಗಲಿಲ್ಲ. ಅದಕ್ಕೆ ಕಾರಣವನ್ನು ತೋಟದವರು ಹೇಳಿದರೆ ಚೆನ್ನ.

ಉತ್ತರ 2: ತೋಟಪಟ್ಟಿ

ಕೋಟೆಕೆರೆಯವರು ಹೇಳಿದ ರಸ್ತೆಯ ಕಥೆ ಸರಿ. ಆದರೆ ಅರಸರಿಗೂ ಹತ್ತಿಗೂ ಅವರು ಕೊಟ್ಟ ತೂಕ ಸ್ವಲ್ಪ ಹೆಚ್ಚಾಯಿತೆಂದು ನನ್ನ ಭಾವನೆ. ಶಿರಸಿಯನ್ನು ಪೇಟೆ ಮಾಡಿದ್ದು ಅಡಿಕೆ. ಅಡಿಕೆಗಿಂತ ಹೆಚ್ಚಾಗಿ, ಅಡಿಕೆಯನ್ನು ಮಾರುವ ವ್ಯವಸ್ಥೆ.

ಘಟ್ಟದ ಮೇಲಿನ ಈ ಭಾಗದಲ್ಲಿ ಹಳ್ಳಿಯೆಂದರೆ ಬಯಲುಸೀಮೆಯಂತೆ ಒತ್ತೊತ್ತಾದ ಮನೆಗಳ ಗುಂಪಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನೀರಿನ ಜಾಡು ಹಿಡಿದು ತೋಟ, ಅದರ ಅಂಚಿಗೆ ನಾಲ್ಕಾರು ಮನೆ, ಮೇಲೆ ಸೊಪ್ಪಿನ ಬೆಟ್ಟ, ಅದಕ್ಕೂ ಮೇಲೆ ಕಾನು, ಅಂದರೆ ದಟ್ಟ ಕಾಡು. ಒಂದು ಎಕರೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತನ್ನು ಬ್ರಿಟಿಷರ ಕಾಲದಲ್ಲಿ ಒಪ್ಪಿಕೊಳ್ಳಲಾಯಿತು. ಹೀಗೆ ಮನೆಗಳು ಮೈಲುಗಟ್ಟಲೆ ಚದುರಿರುವ ಸೀಮೆಗೆ ದೊಡ್ಡ ಹಳ್ಳಿಯೂ ಇರುವುದಿಲ್ಲ, ಹಳ್ಳಿಗೊಂದು ಅಂಗಡಿಸಾಲೂ ಇರುವುದಿಲ್ಲ. ಉಪ್ಪು, ಬಟ್ಟೆ, ಔಷಧ, ಶಾಲೆ, ಕೋರ್ಟು ಎಲ್ಲಕ್ಕೂ ಒಂದೇ ಪೇಟೆ. ನೀವು ಕೇಳಿದ ಕಚೇರಿಗಳೆಲ್ಲ ಇಲ್ಲಿ ಸೇರಿದ್ದಕ್ಕೆ ಮುಖ್ಯ ಕಾರಣ ಇದೆಂದು ನಾನು ತಿಳಿಯುತ್ತೇನೆ. ಸುತ್ತಲಿನ ಸೀಮೆಯಲ್ಲಿ ಎರಡನೆಯ ಆಯ್ಕೆಯೇ ಇರಲಿಲ್ಲ.

ಹಿಂದೆ ಬೆಳೆಗಾರನು ಮಳೆಗಾಲದ ಖರ್ಚಿಗೆ ವ್ಯಾಪಾರಿಯ ವಖಾರಿಯಲ್ಲಿ ಮುಂಗಡ ಪಡೆದು, ಕೊನೆ ಕೊಯ್ಲಾದ ಮೇಲೆ ಅಡಿಕೆಯನ್ನು ಆ ವಖಾರಿಗೇ ತಂದುಹಾಕುತ್ತಿದ್ದನು. ತೂಕ ವ್ಯಾಪಾರಿಯದು, ದರವೂ ವ್ಯಾಪಾರಿಯದು, ಲೆಕ್ಕದ ಪುಸ್ತಕವೂ ಅವನದೇ. ಇದರಿಂದ ಬಿಡಿಸಿಕೊಳ್ಳಲು 1923ರಲ್ಲಿ ತೋಟಗಾರರು ಸೇರಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿದರು. ಇಂದಿಗೂ ಟಿಎಸ್‌ಎಸ್ ಎಂದರೆ ಸಾಕು, ಊರಿನಲ್ಲಿ ಬೇರೆ ವಿಳಾಸ ಬೇಡ. ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಅದಕ್ಕಿಂತ ಮೊದಲೇ, 1920ರಲ್ಲಿ ಆರಂಭವಾಗಿತ್ತು. ಅದರ ಪ್ರಧಾನ ಕಚೇರಿ ಕಾರವಾರದಲ್ಲಿಲ್ಲದೆ ಶಿರಸಿಯಲ್ಲಿರುವುದೇಕೆಂದು ನೀವು ಕೇಳಿದ್ದೀರಿ. ಸಾಲ ಬೇಕಾದವರೂ, ಸಾಲಕ್ಕೆ ಆಧಾರವಾಗಬಲ್ಲ ಬೆಳೆಯೂ ಇದ್ದದ್ದು ಇಲ್ಲಿ.

ವ್ಯವಸ್ಥೆ ನಡೆಯುವ ಬಗೆಯನ್ನು ಹೊರಗಿನವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಬೆಳೆಗಾರ ತಂದ ಅಡಿಕೆಯನ್ನು ಜಾತಿವಾರು ವಿಂಗಡಿಸಿ ರಾಶಿ ಹಾಕುತ್ತಾರೆ. ಹಣ್ಣಡಿಕೆಯನ್ನು ತಿಂಗಳಿಗೂ ಮಿಕ್ಕಿ ಬಿಸಿಲಿನಲ್ಲಿ ಒಣಗಿಸಿ ಸುಲಿದರೆ ಅದು ಚಾಲಿ. ಎಳೆಯ ಕಾಯಿಯನ್ನು ಸುಲಿದು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಅದರಲ್ಲಿ ರಾಶಿ, ಬೆಟ್ಟೆ ಎಂದೆಲ್ಲ ಭೇದಗಳು. ಚಾಲಿಯಲ್ಲೂ ಒಳ್ಳೆಯ ಮಾಲನ್ನು ಬಿಟ್ಟು ಉಳಿದದ್ದನ್ನು ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಬೇರೆ ಮಾಡುತ್ತಾರೆ. ಖರೀದಿದಾರರು ಪ್ರತಿ ರಾಶಿಗೂ ತಮ್ಮ ದರವನ್ನು ಟೆಂಡರಿನಲ್ಲಿ ಬರೆದು ಹಾಕುತ್ತಾರೆ. ಅತಿ ಹೆಚ್ಚು ಬರೆದವನಿಗೆ ಮಾಲು, ಆದರೆ ದರ ಒಪ್ಪದಿದ್ದರೆ ಬೆಳೆಗಾರನು ಆ ದಿನ ಕೊಡದೆ ಉಳಿಸಿಕೊಳ್ಳಬಹುದು. ಸಣ್ಣ ಮಾತಿನಂತೆ ಕಾಣುವ ಈ ಕೊನೆಯ ಹಕ್ಕೇ ಶಿರಸಿ ಪೇಟೆಯ ಜೀವಾಳ. ಉಳಿಸಿಕೊಂಡವನಿಗೆ ಮನೆಖರ್ಚಿಗೆ ಸಂಘವೇ ಸಾಲ ಕೊಡುತ್ತದೆ, ಕಿರಾಣಿಯನ್ನೂ ಅಲ್ಲಿಯೇ ಕೊಳ್ಳಬಹುದು. ಮುಂದೆ ಅದೇ ಸಂಘ ಸೂಪರ್ ಮಾರ್ಕೆಟ್ಟನ್ನೂ ಆಸ್ಪತ್ರೆಯನ್ನೂ ನಡೆಸುವಷ್ಟು ಬೆಳೆಯಿತು. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಇನ್ನೊಂದು ಮಾತು. 1980ರ ಸುಮಾರಿಗೆ ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಬರುವುದಿದ್ದಾಗ, 1981ರಲ್ಲಿ ತಜ್ಞರನ್ನು ಶಿರಸಿಗೆ ಕರೆಸಿ ಅದರ ಲಾಭನಷ್ಟಗಳ ವಿಚಾರ ಸಂಕಿರಣ ನಡೆಸಿದ್ದು ಯಾವುದೇ ರಾಜಕೀಯ ಪಕ್ಷವಲ್ಲ, ಪುರಸಭೆಯೂ ಅಲ್ಲ, ಈ ಅಡಿಕೆ ಮಾರುವ ಸಂಘ. ಯೋಜನೆ ಮುಂದೆ ಕೈಬಿಟ್ಟುಹೋಯಿತು. ಎರಡು ವರ್ಷದ ನಂತರ, 1983ರ ಸೆಪ್ಟೆಂಬರಿನಲ್ಲಿ, ಇದೇ ತಾಲ್ಲೂಕಿನ ಸಾಲ್ಕಣಿ ಕಡೆಯ ಕಾಡಿನಲ್ಲಿ ಹಳ್ಳಿಯವರು ಮರಗಳನ್ನು ಅಪ್ಪಿ ನಿಂತು ಕಡಿತ ತಡೆದರು; ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ತೋಟಕ್ಕೆ ಬೆಟ್ಟದ ಸೊಪ್ಪು ಬೇಕು, ಬೆಟ್ಟಕ್ಕೆ ಕಾನಿನ ನೀರು ಬೇಕು ಎಂಬುದು ಇಲ್ಲಿಯವರಿಗೆ ಪರಿಸರವಾದ ಓದಿ ಬಂದ ತಿಳಿವಳಿಕೆಯಲ್ಲ, ಅದು ವರ್ಷದ ಜಮಾಖರ್ಚು. ನಿಮ್ಮ ಲೇಖನದಲ್ಲಿ ಪುರಸಭೆಯ ಠರಾವುಗಳನ್ನು ಮಾತ್ರ ನೋಡಿ ಶಿರಸಿಯನ್ನು ಅಳೆದರೆ ಊರಿನ ಅರ್ಧ ತಪ್ಪಿಹೋಗುತ್ತದೆ.

ಉತ್ತರ 3: ನೀರಿನ ಜಾಡು

ಎರಡನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಶಿರಸಿಗೆ ನೀರಿನ ಚಿಂತೆ ಇರುವುದು ಮಳೆ ಕಡಿಮೆಯಾಗಿ ಅಲ್ಲ, ಊರು ಕುಳಿತಿರುವ ಜಾಗದಿಂದ. ಬಹುತೇಕ ಪೇಟೆಗಳು ನದಿ ಹರಿದು ದೊಡ್ಡದಾದ ಮೇಲೆ ಅದರ ದಡದಲ್ಲಿವೆ. ಶಿರಸಿ ನದಿಗಳು ಹುಟ್ಟುವಲ್ಲಿ, ನೀರು ಇಬ್ಭಾಗವಾಗುವ ದಿಬ್ಬದ ಮೇಲೆ ಇದೆ. ಅಘನಾಶಿನಿಯ ಮೂಲವೆಂದು ತೋರಿಸುವ ಶಂಕರ ತೀರ್ಥ ನಗರದ ಒಳಗೇ ಇದೆ. ಅಲ್ಲಿಂದ ಹೊರಟ ಹೊಳೆ ಸಿದ್ದಾಪುರ ತಾಲ್ಲೂಕಿನಲ್ಲಿ ಉಂಚಳ್ಳಿಯ ಬಳಿ 116 ಮೀಟರ್ ಧುಮುಕಿ, ಕುಮಟೆಯ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ. ಉತ್ತರದ ಕಡೆಗೆ ಬಿದ್ದ ಮಳೆ ಶಾಲ್ಮಲೆಯಾಗಿ ಸೋಂದಾದ ಸಮೀಪ ಸಹಸ್ರಲಿಂಗದ ಬಂಡೆಗಳ ಮೇಲೆ ಹರಿದು ಬೇಡ್ತಿಗೆ ಕೂಡುತ್ತದೆ, ಬೇಡ್ತಿಯೇ ಕೆಳಗೆ ಗಂಗಾವಳಿ. ಪೂರ್ವದ ಬನವಾಸಿ ಹೋಬಳಿಯ ನೀರು ಮಾತ್ರ ವರದೆಗೆ ಸೇರಿ, ತುಂಗಭದ್ರೆ, ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲ್ಲೂಕಿನ ಮಳೆ ಎರಡು ಸಮುದ್ರಗಳ ಪಾಲಾಗುತ್ತದೆಂದರೆ ಆ ಪೇಟೆಯ ಕೈಗೆ ಯಾವ ನದಿಯೂ ದೊಡ್ಡದಾಗಿ ಸಿಗುವುದಿಲ್ಲವೆಂದೇ ಅರ್ಥ.

ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಜಂಬಿಟ್ಟಿಗೆಯ ನೆಲ ಅದನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕಣಿವೆಗಳಿಗೆ ಬಿಟ್ಟುಕೊಡುತ್ತದೆ. ಆದ್ದರಿಂದಲೇ ಕಣಿವೆಯ ತೋಟದವರು ಬೇಸಿಗೆಯಲ್ಲೂ ಅಬ್ಬಿಯ (ಗುಡ್ಡದಿಂದ ಇಳಿಯುವ ಒರತೆಯ) ನೀರನ್ನು ಮನೆಯಂಗಳಕ್ಕೆ ತರಿಸಿಕೊಳ್ಳುತ್ತಾರೆ. ದಿಬ್ಬದ ಮೇಲಿನ ಬಡಾವಣೆಯ ಬಾವಿ ಮಾರ್ಚಿಗೇ ಕೆಸರಾಗುತ್ತದೆ. ನಗರಕ್ಕೆ ನಲ್ಲಿ ನೀರು ಬರುವುದು ಕೆಂಗ್ರೆ ಮತ್ತು ಮಾರಿಗದ್ದೆ ಎಂಬ ಎರಡು ಕಡೆಗಳಿಂದ. ಎರಡೂ ಊರಿಗಿಂತ ತಗ್ಗಿನಲ್ಲಿವೆ, ಆದ್ದರಿಂದ ಕುಡಿಯುವ ಪ್ರತಿ ಹನಿಯನ್ನೂ ಪಂಪು ಮಾಡಿ ಮೇಲಕ್ಕೆತ್ತಬೇಕು. ಹೊಳೆಯಲ್ಲಿ ಹರಿವು ನಿಂತ ವರ್ಷ, ಅಥವಾ ವಿದ್ಯುತ್ ಕೈಕೊಟ್ಟ ದಿನ, ನಲ್ಲಿಯೂ ನಿಲ್ಲುತ್ತದೆ.

ಹಿಂದಿನವರು ಕೆರೆ ಕಟ್ಟಿದ್ದು ಇದನ್ನು ಬಲ್ಲವರಾಗಿಯೇ. ದೇವಿಕೆರೆ, ಕೋಟೆಕೆರೆ, ಬಶೆಟ್ಟಿಕೆರೆಗಳು ಅಲಂಕಾರಕ್ಕೆ ಇದ್ದವಲ್ಲ. ಮಳೆಗಾಲದ ನೀರನ್ನು ದಿಬ್ಬದ ಮೇಲೆಯೇ ಹಿಡಿದಿಟ್ಟು ಸುತ್ತಲಿನ ಬಾವಿಗಳ ಒರತೆ ಕಾಯುತ್ತಿದ್ದವು. ನಲ್ಲಿ ಬಂದ ಮೇಲೆ ಅವುಗಳಲ್ಲಿ ಹೂಳು ತುಂಬಿತು, ಒತ್ತಿನಲ್ಲಿ ಕಟ್ಟಡಗಳೆದ್ದವು. ಕಳೆದ ದಶಕದಲ್ಲಿ ಊರಿನವರೇ ದೇಣಿಗೆ ಕೂಡಿಸಿ ಕೆಲವು ಕೆರೆಗಳ ಹೂಳೆತ್ತಿಸಿದ್ದಾರೆ. ಕೆಲಸ ಒಳ್ಳೆಯದೇ. ಆದರೆ ನಗರಸಭೆಯ ಮೂಲ ಕರ್ತವ್ಯವನ್ನು ಜನರು ದಾನದಿಂದ ನಡೆಸಬೇಕಾಗಿ ಬಂದದ್ದನ್ನು ಹೆಮ್ಮೆಯ ವಿಷಯವೆಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಸಂಕೋಚವಾಗುತ್ತದೆ.

ಮರುಪ್ರಶ್ನೆ: ವರದಾ ತೀರದವ

ಮೂವರಿಗೂ ಕೃತಜ್ಞತೆಗಳು. ತೋಟಪಟ್ಟಿಯವರ ಉತ್ತರದಿಂದ ಒಂದು ಸಂದೇಹ ಹುಟ್ಟಿತು. ಪೇಟೆ ತೋಟಗಾರರದೆಂದರೆ, ತೋಟವಿಲ್ಲದವರಿಗೆ ಈ ಊರಿನಲ್ಲಿ ಇರುವ ಸ್ಥಾನ ಯಾವುದು? ಮಾರಿಜಾತ್ರೆಯ ಬಗ್ಗೆ ಯಾರೂ ಬರೆಯದಿರುವುದೂ ಆಶ್ಚರ್ಯ. ನಮ್ಮ ಕಡೆಯ ಹಳ್ಳಿಗಳಲ್ಲಿ ಶಿರಸಿ ಎಂದರೆ ಮೊದಲು ನೆನಪಾಗುವುದು ಅದೇ.

ಉತ್ತರ 4: ಬಿಡ್ಕಿಬೈಲಿನವ

ಅಡಿಕೆ ಸಂಘದ ಸದಸ್ಯತ್ವಕ್ಕೆ ತೋಟ ಬೇಕು. ಮಾರಿಕಾಂಬೆಯ ಜಾತ್ರೆಗೆ ಬೇಡ. ಆದ್ದರಿಂದ ಊರಿನ ಉಳಿದ ಅರ್ಧವನ್ನು ಅಲ್ಲಿಯೇ ಹುಡುಕಬೇಕು.

ಹಾನಗಲ್ಲಿನಿಂದ ಕಳ್ಳರು ಹೊತ್ತು ತಂದು ಕೆರೆಗೆ ಎಸೆದ ಪೆಟ್ಟಿಗೆಯೊಳಗೆ ದೇವಿಯ ಬಿಡಿಭಾಗಗಳಿದ್ದವೆಂದು, ಭಕ್ತನೊಬ್ಬನಿಗೆ ಕನಸಿನಲ್ಲಿ ಅದು ತಿಳಿಯಿತೆಂದು ಐತಿಹ್ಯ. ಆ ಕೆರೆಯೇ ಈಗಿನ ದೇವಿಕೆರೆ. ಪ್ರತಿಷ್ಠೆಯಾದದ್ದು 1688ರಲ್ಲಿ, ಸೋದೆಯ ಅರಸರ ಕಾಲದಲ್ಲಿ. ಏಳು ಅಡಿಯ, ಎಂಟು ಕೈಗಳ ಮರದ ಮೂರ್ತಿ. ಪ್ರಾಕಾರದ ಗೋಡೆಗಳ ಮೇಲೆ ಕೆಮ್ಮಣ್ಣಿನ ಕಾವಿ ಚಿತ್ರಗಳಿವೆ, ಅವನ್ನು ನೋಡದೆ ಬರುವವರೇ ಹೆಚ್ಚು. ಇಲ್ಲಿ ಪೂಜೆ ವಿಶ್ವಕರ್ಮ ಸಮಾಜದ ಪೂಜಾರಿಗಳದು. ಎರಡು ವರ್ಷಕ್ಕೊಮ್ಮೆ, ಮಾಘ, ಫಾಲ್ಗುಣಗಳ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ದೇವಿಯ ಕಲ್ಯಾಣ, ರಥೋತ್ಸವ ಮುಗಿದು ಬಿಡ್ಕಿಬೈಲಿನ ಗದ್ದುಗೆಯ ಮೇಲೆ ಆಕೆ ಒಂದು ವಾರ ಕುಳಿತಿರುತ್ತಾಳೆ. ಅದಕ್ಕೆ ಮೊದಲು ಹೊರಬೀಡುಗಳು, ರಥದ ಮರ ತರುವುದು, ಮೇಟಿದೀಪ ಹೀಗೆ ವಾರಗಟ್ಟಲೆ ವಿಧಿಗಳಿವೆ. ಪ್ರತಿಯೊಂದಕ್ಕೂ ಇಂಥ ಮನೆತನವೆಂದು ಗೊತ್ತಿದ್ದು, ಅವರನ್ನು ಬಾಬುದಾರರೆನ್ನುತ್ತಾರೆ. ಬಡಗಿಗಳು, ಅಸಾದಿಗಳು ಮೊದಲಾಗಿ ಹಲವು ಸಮುದಾಯಗಳಿಗೆ ಇದರಲ್ಲಿ ಹಕ್ಕಿದೆ. ಒಬ್ಬರು ಬಾರದಿದ್ದರೆ ಮುಂದಿನದು ನಡೆಯುವುದಿಲ್ಲ. ಕೊನೆಯ ದಿನ ದೇವಿ ಗದ್ದುಗೆ ಬಿಟ್ಟು ಹೊರಟ ಮೇಲೆ ಮಾತಂಗಿ ಚಪ್ಪರವನ್ನು ಸುಡುತ್ತಾರೆ. ಆಮೇಲೆ ಯುಗಾದಿಯಂದು ಪುನಃಪ್ರತಿಷ್ಠೆಯಾಗುವ ತನಕ ಗುಡಿಯಲ್ಲಿ ದೇವಿಯ ದರ್ಶನವಿಲ್ಲ.

ಇದೆಲ್ಲ ಹಕ್ಕಿನ ಸುಂದರ ಹಂಚಿಕೆ ಮಾತ್ರವೆಂದು ನಾನು ಹೇಳುತ್ತಿಲ್ಲ. ಯಾವ ಕೆಲಸ ಯಾರಿಗೆ ಎಂಬುದನ್ನು ನಿರ್ಧರಿಸಿದ್ದು ಜಾತಿಯೇ, ಮತ್ತು ಎಲ್ಲ ಕೆಲಸಗಳಿಗೂ ಸಮನಾದ ಗೌರವವಿರಲಿಲ್ಲ. ಹಿಂದೆ ಜಾತ್ರೆಯ ನಡುವೆ ಕೋಣನ ಬಲಿ ನಡೆಯುತ್ತಿತ್ತು. 1930ರ ದಶಕದ ಆರಂಭದಲ್ಲಿ ಊರಿನ ಗಾಂಧಿವಾದಿಗಳು ಪಟ್ಟು ಹಿಡಿದು ಬಲಿಯನ್ನು ನಿಲ್ಲಿಸಿದರು. 1934ರಲ್ಲಿ ಹರಿಜನ ಯಾತ್ರೆಯ ದಾರಿಯಲ್ಲಿ ಗಾಂಧೀಜಿ ಶಿರಸಿಗೆ ಬಂದದ್ದು ಈ ಬದಲಾವಣೆಗಳ ಬೆನ್ನಿಗೇ. ಪಟ್ಟದ ಕೋಣ ಇಂದಿಗೂ ದೇವಸ್ಥಾನದಲ್ಲಿದೆ, ಮೇವು ತಿನ್ನುತ್ತಾ ಆರಾಮವಾಗಿದೆ.

ಜಾತ್ರೆಯ ಲೌಕಿಕ ಮುಖವನ್ನೂ ನಿಮ್ಮ ಲೇಖನಕ್ಕೆ ಸೇರಿಸಿಕೊಳ್ಳಿ. ತಾತ್ಕಾಲಿಕ ಅಂಗಡಿಗಳ ಜಾಗ ಹಂಚಿಕೆ, ಕುಡಿಯುವ ನೀರು, ಶೌಚಾಲಯ, ಕಸ, ವಾಹನ ನಿಲುಗಡೆ ಇವೆಲ್ಲ ನಗರಸಭೆಗೂ ದೇವಸ್ಥಾನಕ್ಕೂ ಪೊಲೀಸರಿಗೂ ಎರಡು ವರ್ಷಕ್ಕೊಮ್ಮೆ ಬರುವ ಪರೀಕ್ಷೆ. ನಾಟಕ ಕಂಪನಿಗಳು, ಸರ್ಕಸ್, ತೊಟ್ಟಿಲುಗಳು ಬರುತ್ತವೆ. ವೃತ್ತಿರಂಗಭೂಮಿ ಬೇರೆಡೆ ಕುಗ್ಗಿದ ಮೇಲೂ ಕಂಪನಿ ನಾಟಕಗಳು ಶಿರಸಿ ಜಾತ್ರೆಯನ್ನು ಬಿಟ್ಟಿಲ್ಲ. ಹಾವೇರಿ, ಹಾನಗಲ್ಲ ಕಡೆಯ ರೈತರು ಕುಟುಂಬಸಮೇತ ಬಂದು ಹಣ್ಣುಕಾಯಿ ಮಾಡಿಸಿ, ನಾಟಕ ನೋಡಿ, ಪಾತ್ರೆಪಡಗ ಕೊಂಡು ಹೋಗುತ್ತಾರೆ. ಆ ಒಂದು ವಾರ ಪೇಟೆ ತೋಟಗಾರರದಲ್ಲ, ನಿಮ್ಮ ಕಡೆಯವರದು.

ಜಾತ್ರೆಯಿಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ. ಸೋದೆಯ ಅರಸರ ಕಾಲದಲ್ಲಿ ಊರು ಕಾಯಲು ನೇಮಿಸಿದ್ದ ಬೇಡನೊಬ್ಬನು ಪೀಡಕನಾದನೆಂದೂ, ಹೆಣ್ಣುಮಗಳೊಬ್ಬಳ ಕಾರಣದಿಂದ ಸೆರೆಸಿಕ್ಕು ಊರ ಮುಂದೆ ಸುಡಲ್ಪಟ್ಟನೆಂದೂ ಅದರ ಹಿಂದಿನ ಕಥೆ. ಮುಖಕ್ಕೆ ಬಣ್ಣ, ಹತ್ತಿಯ ಅಂಚು, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ ಹಿಡಿದ ಬೇಡನನ್ನು ಇಬ್ಬರು ಹಗ್ಗ ಹಿಡಿದು ಜಗ್ಗುತ್ತಿರುತ್ತಾರೆ. ತಮಟೆಯ ಪೆಟ್ಟಿಗೆ ಅವನು ರಾತ್ರಿಯಿಡೀ ಬೀದಿ ಬೀದಿ ಕುಣಿಯುತ್ತಾನೆ. ಒಂದೊಂದು ಗಲ್ಲಿಯ ಹುಡುಗರೂ ತಮ್ಮದೊಂದು ವೇಷ ಹೊರಡಿಸುತ್ತಾರೆ. ಇದಕ್ಕೆ ತೋಟವೂ ಬೇಡ, ಬಾಬೂ ಬೇಡ. ತಿಂಗಳ ತಾಲೀಮು ಮತ್ತು ಉಸಿರು ಇದ್ದರೆ ಸಾಕು. ಗ್ಯಾರೇಜಿನಲ್ಲಿ, ಹಮಾಲಿಯಲ್ಲಿ, ಅಂಗಡಿಗಳಲ್ಲಿ ದುಡಿಯುವ ಹುಡುಗರು ಊರಿನ ಮುಖ್ಯ ಬೀದಿಯನ್ನು ತಮ್ಮದಾಗಿಸಿಕೊಳ್ಳುವುದು ಆ ರಾತ್ರಿಗಳಲ್ಲಿ.

ಮರುಪ್ರಶ್ನೆ: ವರದಾ ತೀರದವ

ಕೊನೆಯದಾಗಿ ಒಂದು ಸೂಕ್ಷ್ಮ ಪ್ರಶ್ನೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಬೇಡ್ತಿ–ವರದಾ ಜೋಡಣೆ ಯೋಜನೆಯ ವಿರುದ್ಧ ಶಿರಸಿಯಲ್ಲಿ ಸಭೆಗಳಾಗುತ್ತವೆ. ನಮ್ಮ ಊರಿನಲ್ಲಿ ಅದೇ ನೀರಿಗಾಗಿ ಜನ ಕಾಯುತ್ತಿದ್ದಾರೆ. ಸಮುದ್ರಕ್ಕೆ ಹರಿದುಹೋಗುವ ನೀರನ್ನು ಕೊಡಲು ಏನು ತೊಂದರೆಯೆಂದು ಅವರು ಕೇಳಿದರೆ ನಾನು ಏನು ಹೇಳಲಿ? ಹಾಗೆಯೇ ಶಿರಸಿಯನ್ನು ಕೇಂದ್ರವಾಗಿಸಿ ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆಯ ಬಗ್ಗೆಯೂ ತಿಳಿಯಬೇಕು.

ಉತ್ತರ 5: ನೀರಿನ ಜಾಡು

ನೇರವಾಗಿ ಕೇಳಿದ್ದು ಒಳ್ಳೆಯದಾಯಿತು. ಯೋಜನೆಯ ಪ್ರಕಾರ ನೀರೆತ್ತಬೇಕಾದದ್ದು ಪಟ್ಟಣದಹಳ್ಳ, ಶಾಲ್ಮಲಾ ಹಳ್ಳಗಳಿಂದ. ಇವು ಮಳೆಗಾಲದಲ್ಲಿ ಉಕ್ಕುತ್ತವೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತವೆ. ಉಕ್ಕುವ ತಿಂಗಳುಗಳಲ್ಲಿ ವರದೆಯಲ್ಲೂ ಪ್ರವಾಹವಿರುತ್ತದೆ; ನಿಮ್ಮ ಊರಿಗೆ ನೀರು ಬೇಕಾಗುವ ತಿಂಗಳಲ್ಲಿ ಇಲ್ಲಿಯೂ ಇರುವುದಿಲ್ಲ. ನಡುವೆ ಹಿಡಿದಿಡಬೇಕೆಂದರೆ ಕಾಡಿನ ಕಣಿವೆಯಲ್ಲಿ ಅಣೆಕಟ್ಟು ಬೇಕು, ಕಾಲುವೆ ಸುರಂಗಗಳು ಬೇಕು, ವಿದ್ಯುತ್ತು ಸುಟ್ಟು ನೀರೆತ್ತಬೇಕು. ಸಮುದ್ರಕ್ಕೆ ಹೋಗುವ ನೀರೂ ವ್ಯರ್ಥವಲ್ಲ. ಗಂಗಾವಳಿಯ ಅಳಿವೆಯಲ್ಲಿ ಮೀನು, ಚಿಪ್ಪಿ ನಂಬಿದ ಕುಟುಂಬಗಳು ಸಿಹಿನೀರು ಬರುವುದನ್ನೇ ಕಾಯುತ್ತವೆ.

ಆದರೆ ನಿಮ್ಮ ಊರಿನವರಿಗೆ ಇಷ್ಟನ್ನೇ ಹೇಳಿ ಮುಗಿಸಲಾಗದು. ಬಾವಿ ಬತ್ತಿದವನಿಗೆ ಕಾಡಿನ ಮಾತು ತೋಟದವರ ಸ್ವಾರ್ಥದಂತೆಯೇ ಕೇಳಿಸುತ್ತದೆ. ವರದೆಯ ಪಾತ್ರದಲ್ಲೇ ಬಾಂದಾರಗಳಿಂದ (ಸಣ್ಣ ಒಡ್ಡುಗಳಿಂದ), ತುಂಬದೆ ಉಳಿದ ಕೆರೆಗಳಿಂದ ಎಷ್ಟು ಸಿಗಬಹುದೆಂಬ ಲೆಕ್ಕವನ್ನು ಈ ಕಡೆಯ ವಿರೋಧಿ ಸಭೆಗಳೂ ಮುಂದಿಡಬೇಕೆಂಬುದು ನನ್ನ ಅಭಿಪ್ರಾಯ. ಹಾವೇರಿಯ ರೈತರನ್ನು ಆ ಸಭೆಗಳಿಗೆ ಕರೆಯಬೇಕು.

ಉತ್ತರ 6: ಕೋಟೆಕೆರೆ ಏರಿ

ಜಿಲ್ಲೆಯ ವಿಷಯ ಸಂಕ್ಷೇಪವಾಗಿ: ಉತ್ತರ ಕನ್ನಡದ ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಕಾರವಾರ ಅದರ ವಾಯವ್ಯದ ತುದಿಯಲ್ಲಿ, ಗೋವೆಯ ಗಡಿಗೆ ಅಂಟಿಕೊಂಡಿದೆ. ಬನವಾಸಿಯವನೊಬ್ಬ ಜಿಲ್ಲಾಧಿಕಾರಿ ಕಚೇರಿಯ ಒಂದು ಸಹಿಗಾಗಿ ಘಟ್ಟ ಇಳಿದು ಹೋಗಿ ಬರುವಷ್ಟರಲ್ಲಿ ದಿನ ಕಳೆದುಹೋಗುತ್ತದೆ; ಮಳೆಗಾಲದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಬೇಡಿಕೆಗೆ ಆಧಾರವಿದೆ. ನನ್ನ ಅಳುಕು ಬೇರೆ. ಜಿಲ್ಲಾ ಕೇಂದ್ರವಾದೊಡನೆ ಕಚೇರಿ, ವಸತಿಗೃಹ, ಬಡಾವಣೆಗಳು ಬರುತ್ತವೆ, ಅವೆಲ್ಲ ಅದೇ ದಿಬ್ಬದ ಮೇಲೆಯೇ ಏಳಬೇಕು. ಹಿಂದಿನ ಉತ್ತರದಲ್ಲಿ ಹೇಳಿದ ಕೆಂಗ್ರೆ, ಮಾರಿಗದ್ದೆಗಳ ಪಂಪುಗಳೇ ಅವರಿಗೂ ನೀರು ಕೊಡಬೇಕು. ಜಿಲ್ಲೆ ಬೇಕೆನ್ನುವ ಮನವಿಪತ್ರಗಳಲ್ಲಿ ದೂರದ ಲೆಕ್ಕ ತಪ್ಪದೆ ಇರುತ್ತದೆ, ನೀರಿನ ಲೆಕ್ಕವನ್ನು ನಾನು ಇನ್ನೂ ಕಂಡಿಲ್ಲ. ನಿಮ್ಮ ಲೇಖನದಲ್ಲಿ ಆ ಪ್ರಶ್ನೆಯನ್ನು ನಗರಸಭೆಯ 31 ವಾರ್ಡುಗಳ ಸದಸ್ಯರ ಮುಂದೆ ಇಟ್ಟರೆ ಉಪಕಾರವಾಗುತ್ತದೆ.